ಉತ್ತರ ಪ್ಯಾಸೇಜಿನಲ್ಲೇ ಇದೆ

ಇಂಗ್ಲಿಷ್ ಪರೀಕ್ಷೆಯಲ್ಲಿ ಯಾರು ಎಲ್ಲಿ ಬೇಕಾದರೂ ಮುಗ್ಗರಿಸಬಹುದು. ವ್ಯಾಕರಣದಲ್ಲಿ ಮುಗ್ಗರಿಸಬಹುದು, ಪ್ರಬಂಧದಲ್ಲಿ ಮುಗ್ಗರಿಸಬಹುದು, ಪದ್ಯದ ಸಾರಾಂಶದಲ್ಲಂತೂ ಮುಗ್ಗರಿಸದವರೇ ಇಲ್ಲ. ಆದರೆ ಕಾಂಪ್ರಹೆನ್ಷನ್‌ನಲ್ಲಿ ಮುಗ್ಗರಿಸಿದವರನ್ನು ಆ ಬೀದಿ ಅದುವರೆಗೆ ಕಂಡಿರಲಿಲ್ಲ. ಮೇಲೆ ಒಂದು ಪ್ಯಾಸೇಜು ಕೊಟ್ಟಿರುತ್ತಾರೆ, ಕೆಳಗೆ ಪ್ರಶ್ನೆಗಳು. ಉತ್ತರವೆಲ್ಲ ಮೇಲೆಯೇ ಇರುತ್ತದೆ. ತುತ್ತು ಮಾಡಿ ಕೈಗೆ ಕೊಟ್ಟ ಹಾಗೆ, ಬಾಯಿ ತೆರೆಯುವುದಷ್ಟೇ ಬಾಕಿ. ಅಂಥದ್ದರಲ್ಲಿ ಗಿಳಿಯ ಅಕ್ಕ ಬಾಯಿಯನ್ನೇ ತೆರೆಯದೆ ಎದ್ದು ಬಂದಳು. ಹತ್ತನೇ ಕ್ಲಾಸಿನ ಮಿಕ್ಕೆಲ್ಲ ವಿಷಯಗಳಲ್ಲಿ ಪಾಸಾಗಿ ಇಂಗ್ಲಿಷಿನಲ್ಲಿ ಮಾತ್ರ ಫೇಲಾದಳು, ಅದೂ ಕಾಂಪ್ರಹೆನ್ಷನ್ ಬರೆಯದೆ ಬಿಟ್ಟದ್ದಕ್ಕೆ.

ಗಿಳಿ ಎಂದರೆ ತಂಗಿ. ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಇಂಗ್ಲಿಷ್ ಪಾಠವನ್ನು ಉಸಿರು ಬಿಡದೆ ಪಟಪಟನೆ ಓದಿ ಮುಗಿಸುತ್ತಿದ್ದಳು ಎಂದು ಯಾರೋ ಗಿಳಿ ಎಂದರು, ಅದೇ ನಿಂತಿತು. ಈಗ ಅವಳಿಗೆ ಐವತ್ತು ದಾಟಿದೆ. ಮೂಗಿನ ಮೇಲೆ ಕನ್ನಡಕ ಬಂದು ಕೂತಿದೆ, ಓದುವ ವೇಗ ಎಷ್ಟೋ ಇಳಿದಿದೆ. ಆದರೂ ಆ ಬೇಸಿಗೆ ರಜೆಯ ಮಾತು ಬಂದರೆ ಸಾಕು, ಒದ್ದೆ ಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ ಆವಿಯ ವಾಸನೆ ಎಲ್ಲಿಂದಲೋ ಬಂದು ಮೂಗಿಗೆ ಹತ್ತುತ್ತದೆ.

ಅವರದು ಲಾಂಡ್ರಿ. ಮುಂದೆ ಅಂಗಡಿ, ನಡುವೆ ಇಸ್ತ್ರಿಯ ಉದ್ದ ಮೇಜು, ಅದರ ಹಿಂದೆ ಎರಡು ಕೋಣೆಯ ಮನೆ. ಅಮ್ಮ ಇಸ್ತ್ರಿ ಹಾಕುವವಳು. ಅಪ್ಪ ಸೈಕಲ್ಲಿನ ಮೇಲೆ ಗಂಟು ಹೇರಿಕೊಂಡು ಮನೆಮನೆಗೆ ಬಟ್ಟೆ ಮುಟ್ಟಿಸುವವನು. ಮಾತು ಕಡಿಮೆ, ಸೈಕಲ್ ಬೆಲ್ಲೇ ಹೆಚ್ಚು ಮಾತಾಡುತ್ತಿತ್ತು. ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದವರು ಗೆರೆ ಮೇಷ್ಟ್ರು. ಅವರ ಇಂಗ್ಲಿಷ್ ಟ್ಯೂಷನ್ ಎಂದರೆ ನಾಲ್ಕು ಬೀದಿಗೆ ಹೆಸರುವಾಸಿ. ಅವರಿಗೆ ಆ ಹೆಸರು ಬಂದದ್ದು ಅವರ ಪದ್ಧತಿಯಿಂದ.

“ಪ್ಯಾಸೇಜು ಓದಬೇಡಿ! ಓದಿದ್ರೆ ಕೆಟ್ರಿ!” ಎಂದೇ ಅವರ ಪಾಠ ಶುರುವಾಗುತ್ತಿತ್ತು. “ಮೊದಲು ಪ್ರಶ್ನೆ ಓದಿ. ಪ್ರಶ್ನೇಲಿ ದಪ್ಪ ಪದ ಯಾವುದು ನೋಡಿ. ಅದನ್ನ ಪ್ಯಾಸೇಜಲ್ಲಿ ಹುಡುಕಿ. ಸಿಕ್ಕಿದ ಸಾಲಿಗೆ ಗೆರೆ ಎಳೀರಿ. ದೊಡ್ಡಕ್ಷರದಿಂದ ಚುಕ್ಕೆವರೆಗೂ ಹಾಗೇ ಇಳಿಸಿ. ಮುಂದಿನ ಪ್ರಶ್ನೆಗೆ ಹೋಗ್ತಾ ಇರಿ. ಉತ್ತರ ಪ್ಯಾಸೇಜಲ್ಲೇ ಇದೆ, ನಿಮ್ಮ ತಲೇಲಿ ಹುಡುಕಬೇಡಿ, ಅಲ್ಲಿಲ್ಲ.”

ಅವರ ಶಿಷ್ಯರು ಸಾಲುಸಾಲಾಗಿ ಪಾಸಾಗುತ್ತಿದ್ದರು. ಅವರಲ್ಲಿ ಗಿಳಿಯನ್ನು ಮೀರಿಸಿದವರಿಲ್ಲ. ಏಳನೇ ಕ್ಲಾಸಿನ ಹುಡುಗಿ ಹತ್ತನೇ ಕ್ಲಾಸಿನವರ ಪ್ಯಾಸೇಜನ್ನು ಎತ್ತಿಕೊಂಡು, ಅವರು ಪೆನ್ಸಿಲ್ ಚೂಪು ಮಾಡುವಷ್ಟರಲ್ಲಿ ಗೆರೆಗಳನ್ನೆಲ್ಲ ಎಳೆದು ಇಡುತ್ತಿದ್ದಳು. ಅದು ಅವಳಿಗೆ ಹುಟ್ಟಿನಿಂದ ಬಂದ ವಿದ್ಯೆ. ಕಾಲರಿನ ಒಳಗಿನ ಗುರುತು ನೋಡಿ ರಾಶಿಯೊಳಗಿಂದ ಶರ್ಟು ಎಳೆಯುವುದನ್ನು ಅವಳು ನಡೆಯಲು ಕಲಿತಾಗಿನಿಂದ ಮಾಡುತ್ತಿದ್ದಳು. ಶರ್ಟು ತೊಡುವವರು ಕುಳ್ಳರೋ ಉದ್ದವೋ, ಕೋಪಿಷ್ಠರೋ ಸಾಧುವೋ ಎಂದು ಕೇಳುವ ಗೊಡವೆ ಲಾಂಡ್ರಿಯವರಿಗಿಲ್ಲ. ಗುರುತು ಸಿಕ್ಕಿತೆಂದರೆ ಕೆಲಸ ಮುಗಿಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯ ಇಂಗ್ಲಿಷ್ ಅದು. ಎತ್ತು ಹೇಗೆ ಈಯುತ್ತದೆ ಎಂದು ಕೇಳಿದರೆ ಮಾರ್ಕ್ಸ್ ಹೋಯಿತು.

ಅಕ್ಕ ಕೇಳುವವಳು. ಫೇಲಾದ ದಿನ ಅಮ್ಮ ಅವಳನ್ನು ಎದುರಿಗೆ ಕೂರಿಸಿಕೊಂಡು, “ಏನಾಯ್ತೇ ನಿಂಗೆ ಅಲ್ಲಿ? ನಿದ್ದೆ ಹೋಗಿದ್ಯಾ?” ಎಂದಳು.

“ಇಲ್ಲಮ್ಮ. ಒಬ್ಬ ಮುದುಕ ರೈಲ್ವೆ ಸ್ಟೇಷನ್ನಲ್ಲಿ ಕೂತಿದ್ದ. ಮಗಳು ಬರ್ತಾಳೆ ಅಂತ ಕಾಯ್ತಾ ಇದ್ದ. ಒಂದೊಂದು ರೈಲು ಬಂದಾಗಲೂ ಎದ್ದು ಟೋಪಿ ಸರಿ ಮಾಡ್ಕೋತಿದ್ದ. ಪಾಪ ಅನ್ನಿಸ್ತು. ನಿಧಾನವಾಗಿ ಓದ್ತಾ ಇದ್ದೆ. ಬೆಲ್ ಹೊಡೆದುಬಿಟ್ರು.”

“ಮುದುಕ ಬಂದು ನಿಂಗೆ ಮಾರ್ಕ್ಸ್ ಹಾಕ್ತಾನಾ?”

ಅಕ್ಕ ತಲೆ ತಗ್ಗಿಸಿದಳು. ಗಿಳಿಗೆ ನಗು ತಡೆಯಲಾಗಲಿಲ್ಲ. ಪರೀಕ್ಷೆಯಾದ ಮೇಲೆ ಮೇಷ್ಟ್ರು ಅದೇ ಪ್ಯಾಸೇಜನ್ನು ಟ್ಯೂಷನ್ನಿನಲ್ಲಿ ಮಾಡಿಸಿದ್ದರು, ಅವಳು ಪೂರ್ತಿ ಮಾರ್ಕ್ಸ್ ತೆಗೆದಿದ್ದಳು. ಅದರಲ್ಲಿ ಮುದುಕನೊಬ್ಬನಿದ್ದ ಎಂಬುದೇ ಅವಳಿಗೆ ಆಗ ಗೊತ್ತಾದದ್ದು.

ಅಕ್ಕನ ಮೇಲೆ ಆ ಬೇಸಿಗೆ ತೂಗಿಕೊಂಡಿದ್ದ ಕತ್ತಿ ಇದು: ಅವಳಿಗೆ ನರ್ಸಿಂಗ್ ಓದಬೇಕಿತ್ತು. ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಸೀಟು ಸಿಗುವ ಹಾಗಿತ್ತು, ಆದರೆ ಇಂಗ್ಲಿಷ್ ಪಾಸಾಗಿರಲೇಬೇಕು. ರಜೆ ಮುಗಿಯುವ ಹೊತ್ತಿಗೆ ಸಪ್ಲಿಮೆಂಟರಿ ಪರೀಕ್ಷೆ. ಅದರಲ್ಲೂ ಹೋದರೆ ಕೌಂಟರಿನ ಸ್ಟೂಲು ಕಾದೇ ಇತ್ತು. “ಪಾಸಾದ್ರೆ ಹೋಗ್ತಾಳೆ, ಹಾಸ್ಟೆಲ್ಲಲ್ಲಿ ಇರ್ತಾಳೆ, ಮನುಷ್ಯಳಾಗ್ತಾಳೆ. ಇಲ್ದಿದ್ರೆ ನನ್ನ ಹಾಗೆ ಈ ಮೇಜಿಗೆ ಅಂಟಿಕೊಂಡು ಬೇಯ್ತಾಳೆ” ಎಂದು ಅಮ್ಮ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದಳು. ಹೇಳುವಾಗ ಮೊಣಕೈವರೆಗಿನ ಹಳೆಯ ಸುಟ್ಟ ಕಲೆಗಳನ್ನು ಇನ್ನೊಂದು ಕೈಯಿಂದ ಸವರಿಕೊಳ್ಳುತ್ತಿದ್ದಳು. ಗಿಳಿ ಅದನ್ನು ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. ಪಾಸಾದರೆ ಅಕ್ಕ ಎಲ್ಲಿಗೆ ಹೋಗುತ್ತಾಳೆ? ಎಲ್ಲಿ ಇರುತ್ತಾಳೆ? ಯಾರು ಕೇಳಿದರೂ ಥಟ್ಟನೆ ಉತ್ತರ ಹೇಳುತ್ತಿದ್ದಳು.

ಅಮ್ಮ ಮಹಡಿ ಹತ್ತಿ ಮೇಷ್ಟ್ರನ್ನು ಕೇಳಿಕೊಂಡಳು. ಮೇಷ್ಟ್ರು ಕೈ ಮುಗಿದುಬಿಟ್ಟರು. “ನನ್ನಿಂದ ಆಗಲ್ಲಮ್ಮ. ನಿಮ್ಮ ದೊಡ್ಡವಳಿಗೆ ಗೆರೆ ಎಳಿ ಅಂದ್ರೆ ಕಣ್ಣೀರು ಹಾಕ್ತಾಳೆ. ಚಿಕ್ಕವಳಿದಾಳಲ್ಲ, ಅವಳ ಕೈಲೇ ಹೇಳಿಸಿ. ನನ್ನ ಪದ್ಧತಿ ನನಗಿಂತ ಚೆನ್ನಾಗಿ ಅವಳಿಗೆ ಬರತ್ತೆ.”

ಹಾಗೆ ಗಿಳಿ ತನ್ನ ಅಕ್ಕನಿಗೆ ಮೇಷ್ಟ್ರಾದಳು. ಮಂಗನ ಕೈಗೆ ಮಾಣಿಕ್ಯ ಸಿಕ್ಕಿತು ಎನ್ನಿ. ಮಧ್ಯಾಹ್ನ ಇಸ್ತ್ರಿಪೆಟ್ಟಿಗೆಗಳು ಆರಲಿಟ್ಟ ಹೊತ್ತು ಉದ್ದ ಮೇಜಿನ ಒಂದು ಬದಿಗೆ ಪಾಠ. ಕಿವಿಗೆ ಪೆನ್ಸಿಲು ಸಿಕ್ಕಿಸಿ, ಮರದ ಹ್ಯಾಂಗರನ್ನು ಬೆತ್ತದಂತೆ ಹಿಡಿದು, ಗಿಳಿ ಸ್ಟೂಲಿನ ಮೇಲೆ ನಿಂತುಕೊಳ್ಳುತ್ತಿದ್ದಳು. ಅಕ್ಕ ಬೆಚ್ಚಗಿದ್ದ ಮೇಜಿಗೆ ಮೊಣಕೈ ಊರಿ ಪಕ್ಕದಲ್ಲಿ ಹಳೆಯ ಡಿಕ್ಷನರಿ ಇಟ್ಟುಕೊಂಡು ಕೂರುತ್ತಿದ್ದಳು. ಗೊತ್ತಿಲ್ಲದ ಪದ ಬಂದರೆ ಹುಡುಕದೆ ಮುಂದಕ್ಕೆ ಹೋಗುವುದು ಅವಳಿಂದಾಗುತ್ತಿರಲಿಲ್ಲ.

“ಡಿಕ್ಷನರಿ ಮುಚ್ಚು.”

“ಈ ಪದ ಗೊತ್ತಿಲ್ಲ ಕಣೇ.”

“ಗೊತ್ತಾಗೋದು ಬೇಡ. ಪ್ರಶ್ನೇಲಿ ಇದೆಯಾ ಆ ಪದ? ಇಲ್ಲ. ಹಾಗಾದ್ರೆ ಅದು ನಮಗೆ ಸಂಬಂಧ ಇಲ್ಲ.”

“ಹಾಗಂದ್ರೆ ಹೇಗೆ? ಈ ಹೆಂಗಸಿಗೆ ಏನೋ ಆಗಿದೆ ಇಲ್ಲಿ.”

“ಆಗಲಿ ಬಿಡು. ನಮ್ಮ ಅತ್ತೆನಾ ಅವಳು?”

ಅಕ್ಕನಿಗೆ ನಗು ಬರುತ್ತಿತ್ತು, ಆದರೆ ಕಣ್ಣು ಪ್ಯಾಸೇಜು ಬಿಡುತ್ತಿರಲಿಲ್ಲ. ಊರಿಗೆಲ್ಲ ಒಂದು ದಾರಿಯಾದರೆ ಇವಳಿಗೇ ಒಂದು ದಾರಿ ಎಂದು ಗಿಳಿ ಅಮ್ಮನಿಗೆ ದೂರು ಹೇಳಿದಳು. ಅಮ್ಮ ಬೈದಳು. ಅಕ್ಕ ಎರಡು ದಿನ ವಿಧೇಯಳಾಗಿ ಗೆರೆ ಎಳೆದಳು, ಮೂರನೇ ದಿನ ಮತ್ತೆ ಯಾರದೋ ಕಷ್ಟದಲ್ಲಿ ಮುಳುಗಿದಳು.

ದೊಡ್ಡ ಜಗಳ ನಡೆದದ್ದು ಗಾಜಿನ ದೀಪದ ಪ್ಯಾಸೇಜಿನಲ್ಲಿ. ಒಂದು ಮನೆ, ಒಬ್ಬ ಅಣ್ಣ, ಒಬ್ಬಳು ತಂಗಿ. ಅವರ ಅಜ್ಜನ ಕಾಲದ ದೀಪವೊಂದು ಒಡೆದು ಬಿದ್ದಿರುತ್ತದೆ. ತಂದೆ ಬಂದು ಯಾರು ಒಡೆದದ್ದು ಎನ್ನುತ್ತಾನೆ. ನಾನು ಒಡೆದೆ ಎಂದು ಅಣ್ಣ ಹೇಳುತ್ತಾನೆ, ಬೈಸಿಕೊಳ್ಳುತ್ತಾನೆ. ಆ ಸಂಜೆ ತಂಗಿ ಊಟದ ತಟ್ಟೆಯನ್ನು ಮುಟ್ಟುವುದಿಲ್ಲ, ಅಣ್ಣನ ಮುಖ ನೋಡುವುದಿಲ್ಲ. ಇಷ್ಟೇ. ಮೊದಲನೇ ಪ್ರಶ್ನೆ: ದೀಪ ಒಡೆದವರು ಯಾರು?

ಗಿಳಿ ಪ್ಯಾಸೇಜಿನ ಮೇಲೆ ಒಂದು ಸಲ ಕಣ್ಣಾಡಿಸಿ ಗೆರೆ ಎಳೆದಳು. “ಅಣ್ಣ. ಇಳಿಸು.”

“ಅಣ್ಣ ಅಲ್ಲ. ತಂಗಿ” ಎಂದಳು ಅಕ್ಕ.

“ಅಯ್ಯೋ ದೇವರೇ! ನಾನು ಒಡೆದೆ ಅಂತ ಅವನೇ ಹೇಳಿದಾನೆ ನೋಡು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?”

“ಅವನು ಸುಳ್ಳು ಹೇಳ್ತಿದಾನೆ.”

“ಸುಳ್ಳು ಅಂತ ಎಲ್ಲಿ ಬರೆದಿದೆ? ತೋರಿಸು! ಯಾವ ಸಾಲಲ್ಲಿದೆ?”

ಅಕ್ಕ ಹುಡುಕಿದಳು. ಅಂಥ ಸಾಲು ಇರಲಿಲ್ಲ. ಗಿಳಿ ಗೆದ್ದ ಖುಷಿಯಲ್ಲಿ ಹ್ಯಾಂಗರನ್ನು ಮೇಜಿಗೆ ಕುಟ್ಟಿದಳು. ಅಕ್ಕ ಅಂಗಡಿಯಲ್ಲಿದ್ದ ಅಮ್ಮನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಕೇಳಿದಳು: “ಹೋದ ವರ್ಷ ವಕೀಲರ ಬಿಳಿ ಶರ್ಟು ಸುಟ್ಟಿತಲ್ಲ, ಸುಟ್ಟಿದ್ಯಾರು?”

ಗಿಳಿಯ ಹ್ಯಾಂಗರು ಗಾಳಿಯಲ್ಲೇ ನಿಂತಿತು. ಅಮ್ಮ ಇಲ್ಲದ ಹೊತ್ತು ದೊಡ್ಡವರಂತೆ ಇಸ್ತ್ರಿ ಹಾಕಿ ನೋಡೋಣ ಎಂದು ಹೋಗಿ, ಶರ್ಟಿನ ಬೆನ್ನ ಮೇಲೆ ಕಂದು ಬಣ್ಣದ ಮುದ್ರೆ ಒತ್ತಿದವಳು ಅವಳೇ. “ನಾನು” ಎಂದಳು.

“ಅಮ್ಮನ ಹತ್ರ ನಾನೇ ಸುಟ್ಟೆ ಅಂತ ಹೇಳಿದ್ಯಾರು?”

“ನೀನು.”

“ಅವತ್ತು ರಾತ್ರಿ ಹೊಟ್ಟೆನೋವು ಅಂತ ಊಟ ಬಿಟ್ಟಿದ್ಯಾರು?”

ಗಿಳಿ ಸ್ಟೂಲಿನಿಂದ ಕೆಳಗಿಳಿದು ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು ಮೊದಲ ಸಾಲಿನಿಂದ ಓದತೊಡಗಿದಳು. ಪ್ಯಾಸೇಜೊಂದನ್ನು ಹಾಗೆ ಮೊದಲಿನಿಂದ ಓದಿದ್ದು ಅವಳ ಜನ್ಮದಲ್ಲಿ ಅದೇ ಮೊದಲು. ತಟ್ಟೆ ಮುಟ್ಟದ ಹುಡುಗಿಯ ಸಾಲಿಗೆ ಬಂದಾಗ ಮುಂದಕ್ಕೆ ಹೋಗದೆ ಅದನ್ನೇ ಮತ್ತೊಮ್ಮೆ ಓದಿದಳು. ಇಂಗ್ಲಿಷಿನಲ್ಲೂ ಹೀಗೆಲ್ಲ ಆಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಆದರೂ ಮೇಷ್ಟ್ರ ಮಾತೇ ಕೊನೆಯ ಮಾತು. ಇಬ್ಬರೂ ಪುಸ್ತಕ ಹಿಡಿದು ಮಹಡಿ ಹತ್ತಿದರು. ಮೇಷ್ಟ್ರು ಮಂಚದ ಮೇಲೆ ಕೂತು ಹರಿದ ಚಪ್ಪಲಿ ಹೊಲಿದುಕೊಳ್ಳುತ್ತಿದ್ದರು.

“ಸಾರ್, ದೀಪ ಯಾರು ಒಡೆದದ್ದು?”

“ಅಣ್ಣ” ಎಂದರು ಮೇಷ್ಟ್ರು, ತಲೆಯೆತ್ತದೆ. “ನಾಲ್ಕನೇ ಸಾಲು.”

“ಹಾಗಾದ್ರೆ ತಂಗಿ ಯಾಕೆ ಊಟ ಮಾಡ್ಲಿಲ್ಲ ಸಾರ್?” ಎಂದಳು ಅಕ್ಕ.

“ಯಾವ ತಂಗಿ?”

ಅಕ್ಕ ಪುಸ್ತಕ ಕೊಟ್ಟಳು. ಮೇಷ್ಟ್ರು ಸೂಜಿಯನ್ನು ದಿಂಬಿಗೆ ಚುಚ್ಚಿ, ಕನ್ನಡಕ ಏರಿಸಿಕೊಂಡು ಓದಿದರು. ತುಟಿಗಳು ಅಲುಗುತ್ತಿದ್ದವು. ಒಂದು ಸಲ ಓದಿ ಮುಗಿಸಿ ಮತ್ತೆ ಮೇಲಕ್ಕೆ ಹೋದರು. ಕೊನೆಗೆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, “ಹೌದಲ್ಲ… ಪಾಪ” ಎಂದರು. “ಎಷ್ಟು ವರ್ಷದಿಂದ ಮಾಡಿಸ್ತಾ ಇದೀನಿ ಇದನ್ನ.”

ಅವರ ಮುಖ ಆಗ ಬೇರೆಯೇ ಆಗಿತ್ತು. ನೋಡಬಾರದ್ದನ್ನು ನೋಡಿದೆವೇನೋ ಎಂದು ಗಿಳಿ ಕಿಟಕಿಯ ಕಡೆ ತಿರುಗಿಕೊಂಡಳು. ಆದರೆ ಮೇಷ್ಟ್ರು ಬೇಗ ಸಾವರಿಸಿಕೊಂಡರು. ಅಕ್ಕನನ್ನು ಕರೆದು ಹತ್ತಿರ ಕೂರಿಸಿಕೊಂಡು, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ ಹೇಳಿದರು: “ನೀನು ಹೇಳೋದೇ ಸರಿ ಕಣಮ್ಮ. ಆದ್ರೆ ಪರೀಕ್ಷೇಲಿ ಅಣ್ಣನೇ ಒಡೆದ ಅಂತ ಬರಿ. ತಿದ್ದೋರ ಹತ್ರ ಮಾದರಿ ಉತ್ತರ ಇರತ್ತೆ. ಅವರೂ ಪ್ಯಾಸೇಜು ಓದಿರಲ್ಲ, ಅವರಿಗೂ ಹೊತ್ತಿಲ್ಲ. ನಿಂಗೆ ಸೀಟು ಬೇಕೋ ಬೇಡವೋ? ಈ ಒಂದು ಸಲ ಗೆರೆ ಎಳೆದು ಆಚೆ ದಾಟಿಬಿಡು. ಆಮೇಲೆ ಜೀವನ ಪೂರ್ತಿ ನಿಧಾನವಾಗಿ ಓದ್ಕೋ, ಯಾರೂ ಬೆಲ್ ಹೊಡೆಯಲ್ಲ.”

ಮರುದಿನ ಮಧ್ಯಾಹ್ನ ಅಕ್ಕ ತಾನೇ ಡಿಕ್ಷನರಿಯನ್ನು ಕಪಾಟಿನ ಮೇಲಕ್ಕೆ ಎಸೆದು ಬಂದಳು. ಓದದಿರುವುದಕ್ಕೆ ಅವಳೇ ಒಂದು ಉಪಾಯ ಕಂಡುಕೊಂಡಿದ್ದಳು. ಇಸ್ತ್ರಿಯಾದ ದಿಂಬಿನ ಚೀಲವೊಂದನ್ನು ಮಡಿಸಿ ಪ್ಯಾಸೇಜಿನ ಮೇಲೆ ಮುಚ್ಚುವುದು, ಅದನ್ನು ಸಾಲಿನಿಂದ ಸಾಲಿಗೆ ಸರಿಸುತ್ತ ಬೇಕಾದ ಪದ ಸಿಕ್ಕ ಸಾಲನ್ನು ಮಾತ್ರ ಇಳಿಸಿಕೊಳ್ಳುವುದು, ಮತ್ತೆ ಮುಚ್ಚುವುದು. ಮೊದಮೊದಲು ಅವಳ ಬೆರಳು ತಡವರಿಸುತ್ತಿತ್ತು. ಬಟ್ಟೆಯ ಅಂಚಿನಿಂದ ಪ್ಯಾಸೇಜಿನೊಳಗಿನ ಯಾರೋ ಇಣುಕಿದರೆ ಕಣ್ಣು ಅತ್ತ ಹೋಗುತ್ತಿತ್ತು. “ನೋಡ್ಬೇಡ!” ಎಂದು ಗಿಳಿ ಕೂಗುತ್ತಿದ್ದಳು. ದಿನ ಕಳೆದಂತೆ ಅಕ್ಕನ ಕೈ ಚುರುಕಾಯಿತು. ರಜೆಯ ಕೊನೆಗೆ ಅವಳು ಗಿಳಿಯಷ್ಟೇ ವೇಗವಾಗಿ ಗೆರೆ ಎಳೆದು ಬಿಸಾಡುತ್ತಿದ್ದಳು. ಅಮ್ಮ ಬಂದು ನೋಡಿ ನಿಟ್ಟುಸಿರು ಬಿಟ್ಟಳು. ಗಿಳಿಗೆ ಮಾತ್ರ ರೋಗ ಅಂಟಿತು. ಅಕ್ಕ ಬಿಟ್ಟು ಎದ್ದ ಪ್ಯಾಸೇಜುಗಳನ್ನೆಲ್ಲ ಅವಳು ಮೂಲೆಯಲ್ಲಿ ಕೂತು ಓದುತ್ತಿದ್ದಳು. ರೈಲ್ವೆ ಸ್ಟೇಷನ್ನಿನ ಮುದುಕನನ್ನೂ ಹುಡುಕಿ ಓದಿದಳು. ಅಕ್ಕ ಹೇಳಿದ್ದಕ್ಕಿಂತ ಅವನ ಟೋಪಿ ಹಳೆಯದಾಗಿತ್ತು.

ಪರೀಕ್ಷೆ ಮುಗಿಸಿ ಬಂದ ದಿನ ಅಕ್ಕ ಚಪ್ಪಲಿ ಬಿಡುತ್ತಲೇ, “ಎಲ್ಲಾ ಬರೆದೆ. ಒಂದೂ ಬಿಟ್ಟಿಲ್ಲ” ಎಂದಳು.

“ಪ್ಯಾಸೇಜು ಯಾವುದರ ಬಗ್ಗೆ ಇತ್ತು?” ಎಂದಳು ಗಿಳಿ.

“ದೇವರಾಣೆ ಗೊತ್ತಿಲ್ಲ. ನೀನೇ ತಾನೇ ನೋಡ್ಬೇಡ ಅಂದಿದ್ದು?” ಎಂದು ಅಕ್ಕ ನಕ್ಕಳು. ನಗು ತುಟಿಯಲ್ಲೇ ನಿಂತಿತು.

ಅಕ್ಕ ಪಾಸಾದಳು. ಫಲಿತಾಂಶದ ದಿನ ಗಿಳಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. “ನಾನು ಪಾಸು ಮಾಡಿಸಿದ್ದು!” ಎಂದು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಸಾರಿ ಬಂದಳು. ಚಾಪೆ ಮಾರುವವನಿಗೆ ಹೇಳಿದಳು, ಹಾಲಿನವನಿಗೆ ಹೇಳಿದಳು, ಎದುರಿಗೆ ಸಿಕ್ಕ ನಾಯಿಗೂ ಹೇಳಿದ್ದಳೇನೋ. ಅಪ್ಪ ಅವತ್ತು ಯಾರೂ ಅಡ್ಡ ಬರದಿದ್ದರೂ ದಾರಿಯುದ್ದಕ್ಕೂ ಬೆಲ್ ಹೊಡೆದುಕೊಂಡು ಬಂದ. ಅಮ್ಮ ಇಸ್ತ್ರಿ ಹಾಕುತ್ತಲೇ ಕಣ್ಣೊರೆಸಿಕೊಂಡಳು, ಯಾರದೋ ಶರ್ಟಿನ ತೋಳಿನಿಂದ.

ಆಮೇಲೆ ಹೊರಡುವ ಗಡಿಬಿಡಿ. ಬಸ್ಸಿಗೆ ಹೋಗುವ ದಿನ ಬೆಳಗ್ಗೆ ಅಮ್ಮ ಗಿಳಿಯನ್ನು ಒಳಗೆ ಕರೆದು ಗೋಡೆಯ ಕಪಾಟು ತೋರಿಸಿದಳು. ಮೇಲಿನ ಅರೆ ಅಕ್ಕನದು, ಕೆಳಗಿನದು ಗಿಳಿಯದು. ಕೆಳಗಿನದಕ್ಕೆ ಕೈ ಹಾಕಿದರೆ ಜೇಡ. ಮೇಲಿನದಕ್ಕಾಗಿ ಗಿಳಿ ಎಷ್ಟು ಅತ್ತಿದ್ದಳೋ, ಎಷ್ಟು ಕಚ್ಚಿದ್ದಳೋ ಲೆಕ್ಕವಿಲ್ಲ.

“ಇನ್ಮೇಲೆ ಇದೂ ನಿಂದೇ. ನಿನ್ನ ಪುಸ್ತಕ ಎಲ್ಲಾ ಇಲ್ಲಿಡು” ಎಂದಳು ಅಮ್ಮ.

ಗಿಳಿ ಕುಣಿದಾಡಿ ಪುಸ್ತಕ ಜೋಡಿಸತೊಡಗಿದಳು. ಅರ್ಧ ಜೋಡಿಸಿದ್ದಳು. ಆಗ ಕಣ್ಣಿಗೆ ಬಿತ್ತು: ಅರೆಯ ಉಳಿದ ಭಾಗ ಒರೆಸಿ ಸ್ವಚ್ಛವಾಗಿತ್ತು. ಅಕ್ಕನ ಬಾಚಣಿಗೆ ಇರಲಿಲ್ಲ, ಮಡಿಸಿದ ಬಟ್ಟೆ ಇರಲಿಲ್ಲ, ಹೇರ್‌ಪಿನ್ನು ಹಾಕಿಡುತ್ತಿದ್ದ ತಗಡಿನ ಡಬ್ಬಿ ಇರಲಿಲ್ಲ. ಕೈಯಲ್ಲಿ ಪುಸ್ತಕ ಹಿಡಿದವಳು ಹಾಗೇ ನಿಂತಳು. ಪಾಸಾದರೆ ಹೋಗುತ್ತಾಳೆ, ಹಾಸ್ಟೆಲ್ಲಿನಲ್ಲಿ ಇರುತ್ತಾಳೆ. ಬೇಸಿಗೆಯುದ್ದಕ್ಕೂ ಕೇಳಿದ್ದ, ತಾನೇ ನೂರು ಜನಕ್ಕೆ ಹೇಳಿದ್ದ ಮಾತು. ಅದರಲ್ಲಿ ಗೊತ್ತಿಲ್ಲದ ಪದ ಒಂದೂ ಇರಲಿಲ್ಲ. ಈಗ ಅದು ಮೊದಲ ಸಲ ಅವಳಿಗೆ ಅರ್ಥವಾಯಿತು. ಅಕ್ಕನನ್ನು ಕಳಿಸಲಿಕ್ಕೆಂದೇ ತಾನು ಹ್ಯಾಂಗರು ಹಿಡಿದು ದುಡಿದದ್ದು ಎಂದೂ ಗೊತ್ತಾಯಿತು.

ಅವಳು ಅಳಲಿಲ್ಲ. ಅತ್ತರೆ ಅಮ್ಮ ಬೈಯುತ್ತಾಳೆ, ಅಕ್ಕನೂ ಅಳುತ್ತಾಳೆ. ನೇರವಾಗಿ ಇಸ್ತ್ರಿಯ ಮೇಜಿಗೆ ಹೋದಳು. ಅಲ್ಲಿ ಅಕ್ಕ ಕೊನೆಯದಾಗಿ ತನ್ನ ಬಟ್ಟೆಗಳಿಗೆ ಇಸ್ತ್ರಿ ಹಾಕಿ ಚೀಲ ತುಂಬಿ ಮುಗಿಸಿದ್ದಳು.

“ನಿನ್ನ ಪರೀಕ್ಷೆ ಪೇಪರು ಎಲ್ಲಿ?”

“ಯಾಕೆ?”

“ಪ್ಯಾಸೇಜು ಓದಿ ಹೇಳ್ತೀನಿ. ನಿಂಗೆ ಗೊತ್ತಿಲ್ವಲ್ಲ.”

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಪಾಸಾದವರು ಪ್ರಶ್ನೆ ಪತ್ರಿಕೆಯನ್ನು ಮಡಚಿ ಅಲುಗಾಡುವ ಮೇಜಿನ ಕಾಲಿನಡಿಗೆ ಇಡುತ್ತಾರೆ. ಆದರೆ ಅಕ್ಕ ಅದನ್ನು ಬಟ್ಟೆಗಳ ನಡುವೆ ಇಟ್ಟುಕೊಂಡು ಹೊರಟಿದ್ದಳು. ತೆಗೆದು ಕೊಟ್ಟಳು. ಇಬ್ಬರೂ ಮೇಜಿನ ಬೆಚ್ಚಗಿನ ಬದಿಗೆ ಭುಜಕ್ಕೆ ಭುಜ ತಾಗಿಸಿ ಕೂತರು.

ಸಮುದ್ರದ ನೀರಿನಿಂದ ಉಪ್ಪು ತಯಾರಿಸುವ ಬಗೆ. ಅದು ಪ್ಯಾಸೇಜು. ಮುದುಕನಿಲ್ಲ, ತಂಗಿಯಿಲ್ಲ, ಒಂದು ನರಪಿಳ್ಳೆಯೂ ಇಲ್ಲ.

“ಅಯ್ಯೋ, ಇಷ್ಟೇನಾ!” ಎಂದಳು ಅಕ್ಕ. “ಇದನ್ನ ಓದ್ಲಿಲ್ಲ ಅಂತ ಹೋಗಿ ಅಷ್ಟೊಂದು ಕೊರಗಿದೆನಲ್ಲ.” ಇಬ್ಬರಿಗೂ ನಗು ಬಂತು, ನಕ್ಕು ನಕ್ಕು ಅಕ್ಕ ಮೇಜಿಗೆ ತಲೆ ಇಟ್ಟಳು.

ಗಿಳಿ ಓದತೊಡಗಿದಳು. ನಿಧಾನವಾಗಿ, ಒಂದೊಂದು ಪದಕ್ಕೂ ಬೆರಳಿಟ್ಟು. ಸಾಲಿಗೆ ಎರಡು ಸಲ ನಿಂತು, ಡಿಕ್ಷನರಿ ಕೆಳಗಿಳಿಸಿ, ಹಾಳೆ ತಿರುವಿ ತಿರುವಿ. ಕೆಸರೆಂದರೆ ಏನು, ಗಾಳಿಯೆಂದರೆ ಏನು, ಒಣಗುವುದೆಂದರೆ ಏನು.

“ಗಿಳಿ, ಈ ಪದ ನಿಂಗೆ ಗೊತ್ತಲ್ವಾ?”

“ಗೊತ್ತಿಲ್ಲ.”

ಅಕ್ಕ ಅವಳ ಮುಖವನ್ನೇ ಒಂದು ಗಳಿಗೆ ನೋಡಿದಳು. ನೀರು ಎಂಬ ಪದವನ್ನು ಡಿಕ್ಷನರಿಯಲ್ಲಿ ಹುಡುಕುತ್ತಿದ್ದ ತಂಗಿಯನ್ನು ನೋಡಿ ಅವಳು ನಗಲಿಲ್ಲ.

ಬೀದಿಯಲ್ಲಿ ಸೈಕಲ್ ಬೆಲ್ ಕೇಳಿಸಿತು. ಅಪ್ಪ ಬಾಗಿಲಿಗೆ ಬಂದು, “ಹೊತ್ತಾಯ್ತು, ಬಸ್ಸು ತಪ್ಪತ್ತೆ” ಎಂದ. ಗಿಳಿ ಕೊನೆಯ ಸಾಲಿನ ಕೊನೆಯ ಪದದ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದಳು. ಆ ಪದವನ್ನು ಓದಿದರೆ ಮುಗಿಯಿತು. ಎಷ್ಟು ತಡೆದರೂ ಅದನ್ನು ಓದಲೇಬೇಕಾಯಿತು.

ಅಕ್ಕ ಏಳಲಿಲ್ಲ. ಚೀಲವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಕಾಗದವನ್ನು ತಂಗಿಯ ಮುಂದೆ ನೇರ ಮಾಡಿ ಇಟ್ಟು ಹೇಳಿದಳು: “ನಂಗೆ ಒಂದೂ ಅರ್ಥ ಆಗ್ಲಿಲ್ಲ ಕಣೇ. ಮೊದಲಿಂದ ಓದು.”